ಹೊಟ್ಟೆಯೊಳಗಿನ ಒಲೆ

(ನಿಗಡಿಯಲ್ಲಿ ನಡೆದ ನಮ್ಮ ಮಹಿಳಾ ವೇದಿಕೆಯ ಸಂಕ್ರಾಂತಿ ಅರಿಶಿನ-ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಿ ಅಂತ ನಮ್ಮ ಕಡೆ ಹೇಳುತ್ತೇವೆ. ಇಲ್ಲಿನವರು ‘ತಿಳಗುಳ ಘ್ಯಾ, ಗೋಡ ಬೋಲಾ’ ಅನ್ನುತ್ತಾರೆ. ನಾನು ಮಾತ್ರ ಇವತ್ತು ಹುಳಿಯ ವಿಷಯ ಹಿಡಿದುಕೊಂಡು ಬಂದಿದ್ದೇನೆ. ಸಮಿತಿಯವರು ಫೋನ್ ಮಾಡಿ, ‘ಆರೋಗ್ಯದ ಮೇಲೆ ಏನಾದರೂ ಹೇಳಿ, ಅರ್ಧ ತಾಸು ಸಾಕು’ ಅಂದಾಗ ನನಗೆ ಬೇರೆ ವಿಷಯವೇ ಹೊಳೆಯಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಮ್ಮೆಯಾದರೂ ಬರುವ ಮಾತು ಒಂದೇ, ‘ಯಾಕೋ ಇವತ್ತು ಆಸಿಡಿಟಿ ಆಗೇದ್ರಿ’.

ನಾನು ಡಾಕ್ಟರ್ ಅಲ್ಲ. 22 ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಪ್ರತಿ ವರ್ಷ ಏಳನೆಯ ತರಗತಿಗೆ ಜೀರ್ಣಾಂಗಗಳ ಪಾಠ ಇರುತ್ತಿತ್ತು. ಬೋರ್ಡಿನ ಮೇಲೆ ಬಾಯಿಯಿಂದ ಹಿಡಿದು ದೊಡ್ಡ ಕರುಳಿನವರೆಗೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದೆ. ಹಾಗಿದ್ದೂ ನನ್ನ ಹೊಟ್ಟೆಯೊಳಗೆ ನಡೆಯುತ್ತಿದ್ದದ್ದು ನನಗೇ ತಿಳಿಯಲಿಲ್ಲ. ಅದನ್ನು ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಪರೀಕ್ಷೆ. ಹಳೆಯ ಚಟ, ಕ್ಷಮಿಸಿ.

ಎಲ್ಲರೂ ನಿಮ್ಮ ಹೊಟ್ಟೆಯ ಮೇಲೆ ಕೈ ಇಡಿ. ನೋಡಿ, ಮುಕ್ಕಾಲು ಜನ ಹೊಕ್ಕಳ ಮೇಲೆ ಇಟ್ಟಿದ್ದೀರಿ. ಅಲ್ಲಿರುವುದು ಕರುಳು. ಉಂಡ ಅನ್ನ ಮೊದಲು ಹೋಗಿ ಬೀಳುವ ಚೀಲ, ಅಂದರೆ ಜಠರ, ಇರುವುದು ಇನ್ನೂ ಮೇಲೆ, ಎಡಗಡೆಗೆ, ಪಕ್ಕೆಲುಬಿನ ಅಂಚಿನೊಳಗೆ. ಹೃದಯಕ್ಕೂ ಅದಕ್ಕೂ ನಡುವೆ ಒಂದು ತೆಳು ಸ್ನಾಯುವಿನ ಪರದೆ ಅಷ್ಟೇ. ಈ ನೆರೆಹೊರೆಯನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ನಮ್ಮ ಕನ್ನಡದಲ್ಲಿ ಎಲ್ಲವೂ ಹೊಟ್ಟೆಯೇ. ಹಸಿವಾದರೂ ಹೊಟ್ಟೆ, ಬಸಿರಾದರೂ ಹೊಟ್ಟೆ, ಪಕ್ಕದ ಮನೆಯವರು ಹೊಸ ಕಾರು ತಂದರೆ ಉರಿಯುವುದೂ ಹೊಟ್ಟೆಯೇ. ಹೊಟ್ಟೆಪಾಡಿಗೆ ಅಂತಲೇ ಅಲ್ಲವೇ ನಾವೆಲ್ಲ ಊರು ಬಿಟ್ಟು ಈ ಪಿಂಪ್ರಿ-ಚಿಂಚವಾಡಕ್ಕೆ ಬಂದದ್ದು. ನಾನು 1985ರಲ್ಲಿ ಮುಧೋಳದಿಂದ ಮದುವೆಯಾಗಿ ಬಂದಾಗ ನಮ್ಮ ಮನೆಯವರಿಗೆ ಕಂಪನಿಯಲ್ಲಿ ಮೂರು ಪಾಳಿ. ಒಂದು ವಾರ ಬೆಳಿಗ್ಗೆ ಐದಕ್ಕೆ ಡಬ್ಬಿ, ಇನ್ನೊಂದು ವಾರ ನಡುರಾತ್ರಿ ಊಟ. ಪ್ರಾಧಿಕರಣದಲ್ಲಿ ಆಗ ಬೆಳೆದ ಎಷ್ಟು ಸಂಸಾರಗಳು ಹೀಗೆ ಪಾಳಿಯ ಭೋಂಗಾಕ್ಕೆ ತಕ್ಕಂತೆ ಉಂಡಿಲ್ಲ! ಗಂಡಸರು ಪಾಳಿಯ ಪ್ರಕಾರ ಉಂಡರು. ಹೆಂಗಸರು ಎಲ್ಲರ ಪಾಳಿ ಮುಗಿದ ಮೇಲೆ ಉಂಡರು.

ಇರಲಿ, ಪಾಠಕ್ಕೆ ಬರೋಣ. ಅಡುಗೆಮನೆಯಿಂದ ಎಣ್ಣೆಗಾಯಿ ವಾಸನೆ ಬರುತ್ತಿದೆ, ನಿಮ್ಮ ಬಾಯಲ್ಲಿ ನೀರೂರುತ್ತಿದೆ. ಜಠರದಲ್ಲೂ ಊರುತ್ತಿದೆ. ತುತ್ತು ಬಾಯಿಗೆ ಬರುವ ಮೊದಲೇ, ಬರೀ ವಾಸನೆಗೆ, ತಟ್ಟೆ ಸಪ್ಪಳಕ್ಕೆ ಜಠರ ತನ್ನ ರಸ ಸುರಿಸಲು ಶುರು ಮಾಡುತ್ತದೆ. ರಷ್ಯಾದ ಪಾವ್ಲೋವ್ ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ. ಜೀರ್ಣಕ್ರಿಯೆಯ ಆ ಕೆಲಸಕ್ಕೇ 1904ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಟೀವಿ ನೋಡುತ್ತಾ, ಏನು ತಿನ್ನುತ್ತಿದ್ದೇವೆ ಅನ್ನುವ ಪರಿವೆ ಇಲ್ಲದೆ ಉಂಡಾಗ ಈ ಮೊದಲ ತಯಾರಿ ಅರೆಬರೆಯಾಗುತ್ತದೆ.

ಇನ್ನು ಬಾಯಿ. ಇವತ್ತು ಸಜ್ಜೆ ರೊಟ್ಟಿ ಇದೆ, ಕಡಕ ರೊಟ್ಟಿ. ಅದನ್ನು ಅಗಿಯದೆ ನುಂಗಲು ಸಾಧ್ಯವೇ ಇಲ್ಲ, ಗಂಟಲು ಒಪ್ಪುವುದಿಲ್ಲ. ಅದೇ ವಡಾಪಾವ್ ಆದರೆ ಲೋಕಲ್ ಬರುವಷ್ಟರಲ್ಲಿ ನಾಲ್ಕು ತುತ್ತಿಗೆ ಒಳಗೆ. ಹಲ್ಲು ಮಾಡದ ಕೆಲಸ ಜಠರದ ಪಾಲಿಗೆ ಬೀಳುತ್ತದೆ, ಅದಕ್ಕೆ ಹಲ್ಲಿಲ್ಲ. ಜೊಲ್ಲಿನಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಬಾಯಲ್ಲೇ ಆರಂಭಿಸುತ್ತದೆ. ಅದಕ್ಕೇ ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಕೊನೆಗೆ ತುಸು ಸಿಹಿ ಅನಿಸುವುದು.

ನುಂಗಿದ ತುತ್ತು ಅನ್ನನಾಳದಲ್ಲಿ ಕೆಲವೇ ಸೆಕೆಂಡಿನಲ್ಲಿ ಕೆಳಗಿಳಿಯುತ್ತದೆ. ತುದಿಯಲ್ಲಿ ಒಂದು ಬಿಗಿ ಸ್ನಾಯುವಿನ ಬಾಗಿಲು. ತುತ್ತು ಬಂದಾಗ ತೆರೆದು ಮತ್ತೆ ಮುಚ್ಚಿಕೊಳ್ಳಬೇಕು. ಈ ಬಾಗಿಲು ಸಡಿಲವಾಗಿ ಜಠರದ ಹುಳಿರಸ ಮೇಲಕ್ಕೆ ಬಂದರೆ ನಮಗೆ ಎದೆಯುರಿ. ಎದೆಗೂ ಅದಕ್ಕೂ ಸಂಬಂಧವಿಲ್ಲ, ಉರಿಯುವುದು ಅನ್ನನಾಳ.

ಜಠರ ಖಾಲಿ ಇದ್ದಾಗ ಮುದುಡಿಕೊಂಡಿರುತ್ತದೆ, ಮುಷ್ಟಿಯಷ್ಟು ಅನ್ನಿ. ಉಣ್ಣುತ್ತಾ ಹೋದಂತೆ ಸಡಿಲಗೊಂಡು ಒಂದು, ಒಂದೂವರೆ ಲೀಟರ್‌ವರೆಗೆ ಹಿಡಿಸುತ್ತದೆ. ಒಳಗೆ ಸುರಿಯುವುದು ಹೈಡ್ರೋಕ್ಲೋರಿಕ್ ಆಸಿಡ್. ಹೌದು, ಲ್ಯಾಬಿನಲ್ಲಿ ಮಕ್ಕಳಿಗೆ ‘ಮುಟ್ಟಬೇಡಿ’ ಅಂತ ಗದರಿಸುತ್ತಿದ್ದೆನಲ್ಲ, ಅದೇ. ನಿಂಬೆಹಣ್ಣಿನ ರಸಕ್ಕೆ ಸಮ ಅಥವಾ ಅದಕ್ಕಿಂತ ಜಾಸ್ತಿ ಹುಳಿ. ದಿನಕ್ಕೆ ಸುಮಾರು ಎರಡು ಲೀಟರ್ ಜಠರರಸ ಪ್ರತಿಯೊಬ್ಬರೊಳಗೂ ತಯಾರಾಗುತ್ತದೆ. ಊಟದ ಜೊತೆ ಬಂದ ಎಷ್ಟೋ ರೋಗಾಣುಗಳನ್ನು ಈ ಆಸಿಡ್ ಅಲ್ಲೇ ಸಾಯಿಸುತ್ತದೆ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಅನ್ನುವ ಕಿಣ್ವ ಕೆಲಸ ಮಾಡುವುದೂ ಈ ಆಸಿಡ್ ಇದ್ದರೆ ಮಾತ್ರ. ಹಾಗಾಗಿ ಆಸಿಡ್ ನಮ್ಮ ಶತ್ರುವಲ್ಲ. ಇಷ್ಟು ದಿನ ಅದನ್ನು ಬೈದದ್ದಕ್ಕೆ ಒಂದು ಕ್ಷಮೆ ಕೇಳಿಬಿಡೋಣ.

ರಸ ಸುರಿಯುತ್ತಿರುವಾಗಲೇ ಜಠರದ ಗೋಡೆ ಹಿಂಡುತ್ತದೆ, ನಿಮಿಷಕ್ಕೆ ಸರಿಸುಮಾರು ಮೂರು ಸಲ. ರುಬ್ಬುಗುಂಡಿನ ಹಾಗೆ ಮೇಲಿಂದ ಕೆಳಕ್ಕೆ ಅಲೆ ಬರುತ್ತದೆ. ಕೆಳಗಿನ ಬಾಗಿಲು ಬಹಳ ಕಟ್ಟುನಿಟ್ಟು. ಒಂದೆರಡು ಮಿಲಿಮೀಟರ್‌ಗಿಂತ ದಪ್ಪ ಚೂರು ಬಂದರೆ ‘ಹಿಂದೆ ಹೋಗು, ಇನ್ನೂ ನುಣ್ಣಗಾಗಿ ಬಾ’ ಅಂತ ವಾಪಸ್ ಕಳಿಸುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದದ್ದನ್ನು ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಸಾಧಾರಣ ಊಟಕ್ಕೆ ಎರಡರಿಂದ ನಾಲ್ಕು ತಾಸು. ಎಣ್ಣೆ-ತುಪ್ಪ ಹೆಚ್ಚಿದ್ದರೆ ಇನ್ನೂ ತಡ. ಇವತ್ತಿನ ಶೇಂಗಾ ಹೋಳಿಗೆ ತುಪ್ಪದಲ್ಲಿ ಅದ್ದಿಕೊಂಡು ತಿಂದವರಿಗೆ ಸಂಜೆಯವರೆಗೂ ಹಸಿವಾಗದಿದ್ದರೆ ಗಾಬರಿ ಬೇಡ, ಬಾಗಿಲು ತನ್ನ ಕೆಲಸ ಮಾಡುತ್ತಿದೆ. ಆಹಾರದ ಸತ್ವ ರಕ್ತಕ್ಕೆ ಸೇರುವುದು ಬಹುಪಾಲು ಮುಂದಿನ ಸಣ್ಣ ಕರುಳಿನಲ್ಲಿ. ಅಲ್ಲಿ ಪಿತ್ತರಸ, ಮೇದೋಜೀರಕದ ರಸ ಬಂದು ಸೇರುತ್ತವೆ. ಅದು ಇನ್ನೊಂದು ದಿನದ ಪಾಠ.

ಇದೆಲ್ಲ ಹೊಟ್ಟೆಯೊಳಗೆ ಇಣುಕಿ ನೋಡಿದವರು ಯಾರು ಅಂತ ಮಕ್ಕಳು ಕೇಳುತ್ತಿದ್ದರು. ನಿಜವಾಗಿಯೂ ಇಣುಕಿದವನೊಬ್ಬ ಇದ್ದ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಅನ್ನುವ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಚರ್ಮದ ವ್ಯಾಪಾರಿಗಳ ಕಂಪನಿಯ ಕೂಲಿಯಾಳು. ಬದುಕಿದ, ಆದರೆ ಹೊಟ್ಟೆಯ ತೂತು ಪೂರ್ತಿ ಮುಚ್ಚಲೇ ಇಲ್ಲ. ಅವನಿಗೆ ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಆ ತೂತಿನಿಂದ ರೇಷ್ಮೆ ದಾರಕ್ಕೆ ಕಟ್ಟಿದ ಮಾಂಸದ ಚೂರು, ರೊಟ್ಟಿಯ ಚೂರು ಇಳಿಬಿಟ್ಟು, ಎಷ್ಟು ಹೊತ್ತಿಗೆ ಕರಗಿತು ಅಂತ ಎಳೆದು ನೋಡುತ್ತಿದ್ದ. 1833ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಬಡವನ ಹೊಟ್ಟೆಯನ್ನು ಹೀಗೆ ವರ್ಷಗಟ್ಟಲೆ ಪ್ರಯೋಗಶಾಲೆ ಮಾಡಿದ್ದು ಸರಿಯೇ ಅನ್ನುವ ಪ್ರಶ್ನೆ ನನಗೆ ಈಗಲೂ ಇದೆ. ಆದರೆ ಅವನು ಕಂಡ ಒಂದು ಸಂಗತಿ ನಮಗೆ ಬೇಕಾದದ್ದು: ಆ ಮನುಷ್ಯ ಸಿಟ್ಟಿನಲ್ಲಿದ್ದಾಗ ಜೀರ್ಣಕ್ರಿಯೆಯೇ ಏರುಪೇರಾಗುತ್ತಿತ್ತು. ಊಟಕ್ಕೆ ಕೂತಾಗ ಮಕ್ಕಳ ಮಾರ್ಕ್ಸ್ ವಿಷಯ, ಊರಿನ ಹೊಲದ ಪಾಲಿನ ವಿಷಯ ತೆಗೆಯಬೇಡಿ ಅನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಾಂಸವನ್ನು ಕರಗಿಸುವ ಈ ಆಸಿಡ್ ಜಠರವನ್ನೇ ಯಾಕೆ ಕರಗಿಸುವುದಿಲ್ಲ? ಜಠರವೂ ಮಾಂಸವೇ ತಾನೆ?

ನಮ್ಮ ಅಜ್ಜಿಯ ಮನೆಯಲ್ಲಿ ಮಣ್ಣಿನ ಒಲೆ ಇತ್ತು. ದಿನಾ ಬೆಳಿಗ್ಗೆ ಬೂದಿ ತೆಗೆದು, ಕೆಮ್ಮಣ್ಣು-ಸಗಣಿ ಕಲಸಿ ಅದನ್ನು ಸಾರಿಸುತ್ತಿದ್ದಳು. ಒಂದು ದಿನ ಬಿಟ್ಟರೆ ಬಿರುಕು ಬರುತ್ತದೆ ಅನ್ನುತ್ತಿದ್ದಳು. ಜಠರ ಮಾಡುವುದೂ ಅದನ್ನೇ. ಒಳಗೋಡೆಗೆಲ್ಲ ಒಂದು ದಪ್ಪ ಲೋಳೆಯ ಸಾರಣೆ. ಆ ಲೋಳೆಯ ಅಡಿಯಲ್ಲಿ ಸೋಡಾದಂಥ ಕ್ಷಾರ ಇದ್ದು, ಒಳನುಸುಳಿದ ಆಸಿಡ್ ಅಲ್ಲಿಗೇ ಸೌಮ್ಯವಾಗುತ್ತದೆ. ಮೇಲ್ಪದರದ ಜೀವಕೋಶಗಳು ಸವೆದರೆ ಕೆಲವೇ ದಿನಗಳಲ್ಲಿ ಹೊಸ ಕೋಶಗಳು ಬಂದು ಜಾಗ ತುಂಬುತ್ತವೆ. ಬೆಂಕಿ ಒಳಗೆ, ಸಾರಣೆ ಹೊರಗೆ. ಎರಡೂ ಸರಿಯಾಗಿದ್ದರೆ ಅಡುಗೆ. ನಮಗೆ ಉರಿ ಆದಾಗ ‘ಆಸಿಡ್ ಜಾಸ್ತಿ ಆಯಿತು’ ಅನ್ನುತ್ತೇವೆ. ಎಷ್ಟೋ ಸಲ ಆಸಿಡ್ ಇದ್ದಷ್ಟೇ ಇರುತ್ತದೆ. ಸಾರಣೆ ಕಿತ್ತಿರುತ್ತದೆ, ಇಲ್ಲವೆ ಮೇಲಿನ ಬಾಗಿಲು ಸಡಿಲವಾಗಿರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದವಳಿಗೆ ತನ್ನ ಮನೆಯ ಒಲೆ ಬಿರುಕು ಬಿಟ್ಟದ್ದು ಕಾಣಲಿಲ್ಲ.

ನನಗೆ ಐವತ್ತು ದಾಟಿದ ಮೇಲೆ ಮಂಡಿನೋವು ಶುರುವಾಯಿತು. ನಮ್ಮದು ಮೂರನೆಯ ಮಹಡಿ, ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ಶಾಲೆಯಲ್ಲಿ ದಿನವಿಡೀ ನಿಂತು ಪಾಠ. ಯಾರೋ ಹೇಳಿದರು ಅಂತ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ಮಾತ್ರೆ ತಂದೆ. ಚೀಟಿ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಬೆಳಿಗ್ಗೆ ಎದ್ದು ಚಹಾದ ಜೊತೆ ಒಂದು. ಖಾಲಿ ಹೊಟ್ಟೆ. ಆ ಒಂದು ಮಾತ್ರೆಯಿಂದ ನಾನು ಡಬ್ಬಿ ಕಟ್ಟಿ, ಮೆಟ್ಟಿಲು ಇಳಿದು, ಶಾಲೆ ಮುಟ್ಟುತ್ತಿದ್ದೆ. ನನಗೆ ಅದು ಅಮೃತವೇ ಆಗಿತ್ತು. ಹೀಗೆ ಹತ್ತಿರ ಹತ್ತಿರ ಒಂದು ವರ್ಷ.

ಹೊಟ್ಟೆ ಉರಿಯತೊಡಗಿತು. ತಣ್ಣನೆಯ ಹಾಲು ಕುಡಿದೆ. ಈನೋ ಕುಡಿದೆ. ಜಾಹೀರಾತಿನಲ್ಲಿ ಬರುವ ಗುಲಾಬಿ ಔಷಧ ಕುಡಿದೆ. ಮಿಸಳ್ ಬಿಟ್ಟೆ, ಹಸಿಮೆಣಸಿನ ಖಾರ ಬಿಟ್ಟೆ, ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿಯನ್ನೇ ಅಟ್ಟದ ಮೇಲಿಟ್ಟೆ. ಪಾಪ, ಖಾರದ್ದು ತಪ್ಪೇ ಇರಲಿಲ್ಲ. ಖಾರ ಉರಿಯನ್ನು ಹೆಚ್ಚಿಸಬಹುದು, ಹುಣ್ಣು ಮಾಡುವುದಿಲ್ಲ. ಮಾತ್ರೆಯನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಸುಸ್ತು. ವಯಸ್ಸು ಅಂದುಕೊಂಡೆ. ಕಬ್ಬಿಣದ ಮಾತ್ರೆ ನಾನೇ ಶುರು ಮಾಡಿಕೊಂಡೆ. ಮಲ ಕಪ್ಪಗೆ ಹೋಗುತ್ತಿತ್ತು. ಕುಂಕುಮದ ದಿನ ಇಂಥ ಮಾತೇ ಅಂತ ಮೂಗು ಮುರಿಯಬೇಡಿ, ನಾವು ಮೂಗು ಮುರಿಯುವುದರಿಂದಲೇ ಇದು ಮುಚ್ಚಿಹೋಗುವುದು. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಹಾಗಾಗಿ ಅದರದ್ದೇ ಅಂದುಕೊಂಡೆ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ, ಬೇರೆಯೇ ಒಂದು ಕೆಟ್ಟ ವಾಸನೆಯಿಂದ ಹೋದರೆ ಅದು ರಕ್ತ. ಜಠರದಲ್ಲಿ ಸೋರಿದ ರಕ್ತ ಆಸಿಡ್ ತಾಗಿ, ಕರುಳಿನಲ್ಲಿ ಇಳಿಯುತ್ತಾ ಕಪ್ಪಾಗುತ್ತದೆ. ಕೆಂಪಗೆ ಕಂಡಿದ್ದರೆ ಅವತ್ತೇ ಓಡುತ್ತಿದ್ದೆ. ಕಪ್ಪು ನನ್ನನ್ನು ಹೆದರಿಸಲಿಲ್ಲ.

ದುರ್ಗಾ ಟೇಕಡಿ ಹತ್ತುವಾಗ ನನಗಿಂತ ಹತ್ತು ವರ್ಷ ದೊಡ್ಡವರು ಮುಂದೆ ಹೋಗುತ್ತಿದ್ದರು, ನಾನು ಅರ್ಧದಲ್ಲಿ ಬೆಂಚು ಹುಡುಕುತ್ತಿದ್ದೆ. ನಮ್ಮ ಸೊಸೆ ಮರಾಠಿ ಮನೆಯವಳು. ಒಂದು ದಿನ ದೀಪದ ಬೆಳಕಿನಲ್ಲಿ ನನ್ನ ಮುಖ ನೋಡಿ, ‘ಆಯಿ, ಚೆಹರಾ ಕಿತೀ ಪಾಂಢರಾ ದಿಸ್ತೋಯ್’ ಅಂದಳು. ಮುಖ ಎಷ್ಟು ಬೆಳ್ಳಗೆ ಕಾಣ್ತಿದೆ ಅಂತ. ‘ಇಷ್ಟು ವರ್ಷಕ್ಕೆ ಬಣ್ಣ ಬಂತು ನೋಡು’ ಅಂತ ನಕ್ಕುಬಿಟ್ಟೆ.

2018ರ ಮಳೆಗಾಲ. ತುಕೋಬಾರಾಯರ ಪಾಲಖಿ ದೇಹೂದಿಂದ ಹೊರಟು ನಮ್ಮ ನಿಗಡಿಯ ಮೇಲಿಂದ ಆಕುರ್ಡಿಯ ಮುಕ್ಕಾಮಿಗೆ ಹೋಗುತ್ತದಲ್ಲ, ಆ ದಿನ ನಮ್ಮ ಸೊಸೈಟಿಯವರು ವಾರಕರಿಗಳಿಗೆ ಚಹಾ-ಬಿಸ್ಕೀಟು ಕೊಡುವ ವಾಡಿಕೆ. ಬೆಳಿಗ್ಗೆಯಿಂದ ನಿಂತಿದ್ದೆ, ಏನೂ ತಿಂದಿರಲಿಲ್ಲ, ಮಾತ್ರೆ ಮಾತ್ರ ತಿಂದಿದ್ದೆ. ಒಬ್ಬ ಮುದುಕಿಗೆ ಕಪ್ಪು ಚಾಚಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಆಸ್ಪತ್ರೆ. ಹಿಮೋಗ್ಲೋಬಿನ್ 6.1. ಹೆಂಗಸರಿಗೆ 12 ಇರಬೇಕು. ನನ್ನೊಳಗೆ ಅರ್ಧ ರಕ್ತದ ಬಲದಲ್ಲಿ ಒಂದು ಸಂಸಾರ ನಡೆಯುತ್ತಿತ್ತು.

ಎರಡು ಬಾಟಲಿ ರಕ್ತ ಕೊಟ್ಟರು. ಯಾರ ರಕ್ತವೋ, ಪುಣ್ಯಾತ್ಮರು. ಆಮೇಲೆ ಎಂಡೋಸ್ಕೋಪಿ. ಆ ಹೆಸರು ಕೇಳಿದರೆ ನಮ್ಮವರು ಹೆದರುತ್ತಾರೆ, ಅದಕ್ಕೇ ಹೇಳುತ್ತೇನೆ. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸಿ, ಕಿರುಬೆರಳಿನಷ್ಟು ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆ ಬಾಯಿಂದ ಇಳಿಸುತ್ತಾರೆ. ಹತ್ತು ನಿಮಿಷ. ಓಕರಿಕೆ ಬಂದಂತಾಗುತ್ತದೆ, ನೋವಿಲ್ಲ. ಆಮೇಲೆ ಚಿತ್ರ ತೋರಿಸಿದರು. 22 ವರ್ಷ ನಾನು ಗುಲಾಬಿ ಸೀಮೆಸುಣ್ಣದಲ್ಲಿ ಬರೆದ ಜಠರ. ಅದರ ಕೆಳಬಾಗಿಲ ಹತ್ತಿರ ಬಿಳಿ ತಳದ ಒಂದು ಹುಣ್ಣು, ಅಂಚಿನಲ್ಲಿ ಕರಿ ಚುಕ್ಕೆ. ಡಾಕ್ಟರು ಬೈಯಲಿಲ್ಲ. ‘ಟೀಚರ್, ಯಾವ ಮಾತ್ರೆ ತಗೋತಿದ್ರಿ?’ ಅಂತ ಒಂದೇ ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿತ್ತು.

ನೋವಿನ ಮಾತ್ರೆಗಳು, ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಾತಿಯವು, ದೇಹದಲ್ಲಿ ನೋವು-ಬಾವು ತರುವ ವಸ್ತುಗಳ ತಯಾರಿಯನ್ನೇ ನಿಲ್ಲಿಸುತ್ತವೆ. ಅದೇ ಗುಂಪಿನ ವಸ್ತುಗಳೇ ಜಠರಕ್ಕೆ ‘ಲೋಳೆ ಸುರಿಸು, ಗೋಡೆ ಸಾರಿಸು’ ಅಂತ ಹೇಳುವವು. ಅಂದರೆ ಮಂಡಿಗೆ ತಿಂದ ಮಾತ್ರೆ ಒಲೆ ಸಾರಿಸುವವಳಿಗೆ ರಜೆ ಕೊಟ್ಟು ಕಳಿಸುತ್ತದೆ. ಊಟವಾದ ಮೇಲೆ ತಗೊಂಡರೆ ಉರಿ ಕಡಿಮೆ, ನಿಜ. ಆದರೆ ರಕ್ತಕ್ಕೆ ಸೇರಿದ ಮೇಲೂ ಅದು ಇದೇ ಕೆಲಸ ಮಾಡುತ್ತದೆ, ಹಾಗಾಗಿ ಇಂಜೆಕ್ಷನ್ ಆದರೂ ಜಠರಕ್ಕೆ ಅಪಾಯ ತಪ್ಪಿದ್ದಲ್ಲ. ಒಂದೆರಡು ದಿನಕ್ಕೆ ಡಾಕ್ಟರು ಬರೆದರೆ ತಗೊಳ್ಳಿ. ತಿಂಗಳುಗಟ್ಟಲೆ ನೀವೇ ತಿನ್ನಬೇಡಿ. ಇನ್ನೊಂದು ಮಾತು, ಹೃದಯಕ್ಕೆ ಅಂತ ಡಾಕ್ಟರು ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಮಾತ್ರೆಯನ್ನು ನನ್ನ ಭಾಷಣ ಕೇಳಿ ನಾಳೆಯಿಂದ ಬಿಟ್ಟುಬಿಡಬೇಡಿ. ಅದನ್ನು ಅವರನ್ನೇ ಕೇಳಿ.

ನನ್ನದರಲ್ಲಿ ಇನ್ನೊಬ್ಬ ಆರೋಪಿಯೂ ಸಿಕ್ಕ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಸುರುಳಿ ಬ್ಯಾಕ್ಟೀರಿಯಾ. ನಾನು ಕಾಲೇಜಿನಲ್ಲಿ ಓದುವಾಗ ಜಠರದ ಆಸಿಡ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕಿ ನೆಲೆಸುವುದಿಲ್ಲ, ಅಲ್ಸರ್ ಬರುವುದು ಚಿಂತೆಯಿಂದ, ಖಾರದಿಂದ ಅಂತಲೇ ಎಲ್ಲರೂ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅನ್ನುವ ಇಬ್ಬರು ವೈದ್ಯರು ಅಲ್ಲ ಅಂದರು. ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಗಟಗಟ ಕುಡಿದ! ಕೆಲವೇ ದಿನದಲ್ಲಿ ವಾಂತಿ, ಜಠರದ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ದೇಶದಲ್ಲಿ ಈ ಬ್ಯಾಕ್ಟೀರಿಯಾ ಬಹಳ ಜನರ ಹೊಟ್ಟೆಯಲ್ಲಿದೆ, ಹೆಚ್ಚಾಗಿ ಚಿಕ್ಕಂದಿನಲ್ಲೇ ಮನೆಯೊಳಗೇ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಹುಣ್ಣು, ವರ್ಷಗಳು ಕಳೆದ ಮೇಲೆ ಬಹಳ ಕೆಲವರಿಗೆ ಜಠರದ ಕ್ಯಾನ್ಸರ್.

ನನಗೆ 14 ದಿನ ಎರಡು ಬಗೆಯ ಆಂಟಿಬಯೋಟಿಕ್, ಜೊತೆಗೆ ಆಸಿಡ್ ತಗ್ಗಿಸುವ ಮಾತ್ರೆ ಕೊಟ್ಟರು. ಅದರಲ್ಲೊಂದು ಅಮಾಕ್ಸಿಸಿಲಿನ್, ಪೆನಿಸಿಲಿನ್ ಮನೆತನದ್ದು. ಇಲ್ಲಿ ಒಂದು ಸ್ವಂತ ಸಂತೋಷ ಹೇಳಿಕೊಳ್ಳಲೇ? ದೇಶದಲ್ಲಿ ಪೆನಿಸಿಲಿನ್ ತಯಾರಿಸಬೇಕು ಅಂತ ಸರಕಾರ 1954ರಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಕಟ್ಟಿದ್ದು ನಮ್ಮ ಪಕ್ಕದ ಪಿಂಪ್ರಿಯಲ್ಲೇ. ನಾವೆಲ್ಲ ಎಚ್.ಎ. ಅನ್ನುತ್ತೇವಲ್ಲ, ಅದು. ಅದರ ಗೇಟಿನ ಮುಂದೆ ಸಾವಿರ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಅದರೊಳಗೆ ತಯಾರಾದದ್ದರ ಬಳಗದ ಔಷಧವೇ ಒಂದು ದಿನ ನನ್ನ ಹುಣ್ಣು ಮಾಯಿಸುತ್ತದೆ ಅಂತ ಅಂದುಕೊಂಡಿರಲಿಲ್ಲ. ಆ 14 ದಿನ ಬಾಯೆಲ್ಲ ಕಹಿ, ನಾಲ್ಕನೆಯ ದಿನವೇ ಬಿಟ್ಟುಬಿಡೋಣ ಅನಿಸಿತ್ತು. ನಡುವೆ ಬಿಟ್ಟರೆ ಬ್ಯಾಕ್ಟೀರಿಯಾ ಗಟ್ಟಿಯಾಗಿ ಮುಂದೆ ಔಷಧಕ್ಕೂ ಬಗ್ಗುವುದಿಲ್ಲ. ಸೊಸೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಿನಾ ಎರಡು ಗೀಟು ಹಾಕಿ ಮುಗಿಸಿಸಿದಳು. ಆಮೇಲೆ ಬ್ಯಾಕ್ಟೀರಿಯಾ ಹೋಯಿತೋ ಇಲ್ಲವೋ ಅಂತ ಪರೀಕ್ಷೆ, ಹುಣ್ಣು ಮಾಗಿತೋ ಅಂತ ಮತ್ತೊಂದು ಎಂಡೋಸ್ಕೋಪಿ. ಮಾಗಿತ್ತು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು ಅಂತ ನೀವು ಕೇಳುತ್ತೀರಿ. ‘ಊಟ ಬಲ್ಲವನಿಗೆ ರೋಗವಿಲ್ಲ’ ಅಂತ ಗಾದೆ ಇದೆ. ಗಾದೆಯಲ್ಲಿ ‘ಬಲ್ಲವನಿಗೆ’ ಅಂತಿದೆ ನೋಡಿ, ಮಾಡಿ ಬಡಿಸುವವಳ ಲೆಕ್ಕ ಅದರಲ್ಲಿಲ್ಲ. ನಮ್ಮ ದಿನಚರಿ ಹೇಗೆ? ಬೆಳಿಗ್ಗೆ ಎರಡು ಕಪ್ಪು ಚಹಾ, ಹನ್ನೊಂದರವರೆಗೆ ಏನಿಲ್ಲ, ಮಧ್ಯಾಹ್ನ ಮೂರಕ್ಕೆ ಉಳಿದದ್ದು, ರಾತ್ರಿ ಎಲ್ಲರಿಗೂ ಬಿಸಿರೊಟ್ಟಿ ಬಡಿದು ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ. ಜಠರಕ್ಕೆ ಎರಡರಿಂದ ನಾಲ್ಕು ತಾಸು ಬೇಕು ಅಂದೆನಲ್ಲ. ತುಂಬಿದ ಚೀಲ ಹೊತ್ತು ಅಡ್ಡಾದರೆ ಮೇಲಿನ ಬಾಗಿಲಿಗೆ ರಸ ಬಂದು ತಾಗದೆ ಏನಾಗುತ್ತದೆ? ಊಟಕ್ಕೂ ನಿದ್ದೆಗೂ ಮೂರು ತಾಸು ಇರಲಿ. ಆಗದಿದ್ದರೆ ರಾತ್ರಿ ಊಟವನ್ನಾದರೂ ಹಗುರ ಮಾಡಿ. ಎಡಮಗ್ಗುಲಿಗೆ ಮಲಗಿದರೆ ಜಠರ ಬಾಗಿಲಿಗಿಂತ ಕೆಳಗೆ ಉಳಿಯುತ್ತದೆ, ಉರಿ ಕಡಿಮೆ. ರಾತ್ರಿ ಹುಳಿತೇಗು ಇರುವವರು ದಿಂಬಿನ ಮೇಲೆ ದಿಂಬು ಪೇರಿಸಬೇಡಿ, ಅದರಿಂದ ಹೊಟ್ಟೆ ಮಡಚಿ ಇನ್ನಷ್ಟು ಒತ್ತುತ್ತದೆ. ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಆರೇಳು ಇಂಚು ಎತ್ತರಿಸಿ. ಬಿಗಿ ಲಂಗದ ಲಾಡಿಯನ್ನೂ ಸ್ವಲ್ಪ ಸಡಿಲ ಬಿಡಿ, ಇದನ್ನು ಯಾವ ಗಂಡಸು ಡಾಕ್ಟರೂ ಹೇಳುವುದಿಲ್ಲ.

ಉಪವಾಸದ ಮಾತು. ಮರಾಠಿಯಲ್ಲಿ ‘ಏಕಾದಶಿ, ದುಪ್ಪಟ್ ಖಾಶಿ’ ಅಂತ ತಮಾಷೆ ಮಾಡುತ್ತಾರೆ, ಏಕಾದಶಿಗೆ ಎರಡರಷ್ಟು ತಿನ್ನು ಅಂತ. ದಿನವಿಡೀ ಬರೀ ಚಹಾ, ಸಂಜೆಗೆ ಶೇಂಗಾ ಪುಡಿ ಸುರಿದ ಸಾಬೂದಾಣೆ ಖಿಚಡಿ, ಬಟಾಟೆ ಚಿವಡಾ. ಬೇಡ ಅನ್ನುವುದಿಲ್ಲ, ನಾನೂ ಮಾಡುತ್ತೇನೆ. ನಡುನಡುವೆ ಹಣ್ಣು, ಮಜ್ಜಿಗೆ ತಗೊಳ್ಳಿ. ಉಪವಾಸದ ದಿನ ನೋವಿನ ಮಾತ್ರೆ ಮಾತ್ರ ಖಂಡಿತ ಬೇಡ.

ತಣ್ಣನೆಯ ಹಾಲು ಹತ್ತು ನಿಮಿಷ ಹಿತ ಕೊಡುತ್ತದೆ, ಆಮೇಲೆ ಅದರ ಪ್ರೋಟೀನು, ಸುಣ್ಣದ ಅಂಶಕ್ಕೇ ಜಠರ ಇನ್ನಷ್ಟು ಆಸಿಡ್ ಸುರಿಸುತ್ತದೆ. ಸೋಡಾಪುಡಿಯಲ್ಲಿ ಉಪ್ಪಿನ ಸೋಡಿಯಂ ಧಾರಾಳ, ಬಿ.ಪಿ. ಇದ್ದವರಿಗೆ ದಿನಾ ಅಲ್ಲ. ಇನ್ನು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್. ಎಷ್ಟು ಜನ ದಿನಾ ತಗೋತೀರಿ, ಕೈ ಎತ್ತಿ? ನೋಡಿ, ಅರ್ಧ ಸಭೆ. ಯಾರೋ ಐದು ವರ್ಷದ ಹಿಂದೆ ಎರಡು ವಾರಕ್ಕೆ ಬರೆದದ್ದು, ಇವತ್ತಿಗೂ ನಡೆದಿದೆ. ಒಳ್ಳೆಯ ಔಷಧವೇ, ನನ್ನ ಜೀವ ಉಳಿಸಿದ್ದರಲ್ಲಿ ಅದರ ಪಾಲಿದೆ. ಊಟಕ್ಕೆ ಅರ್ಧ ತಾಸು ಮುಂಚೆ ತಗೊಂಡರೇ ಸರಿಯಾಗಿ ಕೆಲಸ ಮಾಡುತ್ತದೆ, ಊಟವಾದ ಮೇಲಲ್ಲ. ಆದರೆ ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆಸಿಡ್ ಬೇಕು. ನಮ್ಮಲ್ಲಿ ಬಹಳ ಜನ ಶುದ್ಧ ಸಸ್ಯಾಹಾರಿಗಳು, ಬಿ12 ಮೊದಲೇ ಕಡಿಮೆ. ವರ್ಷಗಟ್ಟಲೆ ಆಸಿಡ್ ಅಡಗಿಸಿದರೆ ಕೈಕಾಲು ಜೋಮು, ಮರೆವು, ಸುಸ್ತು ಬರಬಹುದು. ಇನ್ನೂ ಬೇಕೇ ಅಂತ ಡಾಕ್ಟರನ್ನು ಕೇಳಿ, ಬಿ12 ಪರೀಕ್ಷೆ ಮಾಡಿಸಿ. ಏಕಾಏಕಿ ನಿಲ್ಲಿಸಿದರೂ ಕೆಲವರಿಗೆ ಕೆಲವು ದಿನ ಉರಿ ಜಾಸ್ತಿಯಾಗುತ್ತದೆ, ಅದಕ್ಕೂ ಅವರೇ ದಾರಿ ಹೇಳುತ್ತಾರೆ.

ಮನೆಮದ್ದು ಬಿಟ್ಟು ಅವತ್ತೇ ಓಡಬೇಕಾದದ್ದು ಯಾವಾಗ? ಡಾಂಬರಿನಂಥ ಮಲ. ರಕ್ತ ಅಥವಾ ಕಾಫಿಪುಡಿಯಂಥ ವಾಂತಿ. ಇವೆರಡಕ್ಕೆ ಬೆಳಗಾಗುವವರೆಗೂ ಕಾಯಬೇಡಿ. ನುಂಗಲು ತಡೆದಂತಾಗುವುದು, ಪ್ರಯತ್ನಿಸದೆ ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ, ಹಿಮೋಗ್ಲೋಬಿನ್ ಕಾರಣವಿಲ್ಲದೆ ಇಳಿಯುವುದು, ಐವತ್ತರ ನಂತರ ಹೊಸದಾಗಿ ಶುರುವಾದ ಉರಿ. ಇವುಗಳಿಗೆ ಆ ವಾರದಲ್ಲೇ ತೋರಿಸಿ.

ಮೊದಲು ಹೇಳಿದ ನೆರೆಹೊರೆ ನೆನಪಿದೆಯೇ? ಹೃದಯ ಮತ್ತು ಜಠರ ಅಕ್ಕಪಕ್ಕದ ಮನೆ. ಹೆಂಗಸರಿಗೆ ಹೃದಯಾಘಾತ ಬಂದಾಗ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಳ್ಳುವಂಥ ನೋವೇ ಬರಬೇಕೆಂದಿಲ್ಲ. ಮೇಲುಹೊಟ್ಟೆ ಬಿಗಿತ, ಹೊಟ್ಟೆ ತೊಳಸುವುದು, ಬೆನ್ನು ಅಥವಾ ದವಡೆ ನೋವು, ತಣ್ಣನೆಯ ಬೆವರು, ಏದುಸಿರು. ನಾವು ‘ಗ್ಯಾಸು’ ಅಂತ ಓಂಕಾಳು ಅಗಿದು ಮಲಗುತ್ತೇವೆ. ಇಂಥದು ಬಂದರೆ, ಅದರಲ್ಲೂ ನಡೆದಾಗ ಹೆಚ್ಚಾಗುತ್ತಿದ್ದರೆ, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ, ಓಂಕಾಳಿನ ಡಬ್ಬಿ ತೆರೆಯಬೇಡಿ, 108ಕ್ಕೆ ಫೋನ್ ಮಾಡಿ. ಇ.ಸಿ.ಜಿ. ಮಾಡಿಸಿ ಗ್ಯಾಸು ಅಂತಲೇ ಗೊತ್ತಾದರೆ ಅವಮಾನವೇನಿಲ್ಲ, ಪೇಢೆ ಹಂಚಿ.

ಈಗ ನನ್ನ ಮಂಡಿ? ನೋಯುತ್ತದೆ. ತೊಡೆಯ ಸ್ನಾಯುವಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ದಿನಾ ಮಾಡುತ್ತೇನೆ, ಐದಾರು ಕಿಲೋ ತೂಕ ಇಳಿಸಿದೆ. ಬೇಕೇ ಬೇಕಾದರೆ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಬ್ಯಾಡಗಿ ಮೆಣಸಿನಕಾಯಿ ಡಬ್ಬಿ ಅಟ್ಟದಿಂದ ಕೆಳಗಿಳಿದಿದೆ. ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ, ರೊಟ್ಟಿ ಬಿಸಿ ಇರಲಿ, ತಣ್ಣಗಿರಲಿ. ಮೊದಲ ವಾರ ನಮ್ಮ ಮನೆಯವರು ಗೊಣಗಿದರು. ಈಗ ತಟ್ಟೆ ಹಾಕುವವರು ಅವರೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಡುಗೆ ಆಗಿದೆಯಂತೆ. ಒಂದೇ ಕೋರಿಕೆ. ಬೆಳಿಗ್ಗೆ ಆರರಿಂದ ಒಲೆಯ ಮುಂದೆ ನಿಂತು ಸಜ್ಜೆ ರೊಟ್ಟಿ ಬಡಿದ ಐದು ಜನ ನಮ್ಮ ಸದಸ್ಯೆಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮಾತು ಕೇಳಿದ್ದಾರೆ. ವೈನಿ, ನೀವು ಐದೂ ಜನ ಬಂದು ಮೊದಲ ಪಂಕ್ತಿಯಲ್ಲಿ ಕೂತುಕೊಳ್ರಿ. ಇವತ್ತು ನಾವು ಬಡಸ್ತೀವಿ.